ಗಂಗಾಳದ ಚರಿತ್ರೆ

ಬೀದರಿನ ಓಣಿಗಳಲ್ಲಿ ಈಗ ಒಂದು ಮಾತು ಬಹಳ ಸಲೀಸಾಗಿ ಕಿವಿಗೆ ಬೀಳುತ್ತದೆ: ‘ನನಗ ಶುಗರ್ ಅದ.’ ಹೊಲ ಅದ, ಮನಿ ಅದ, ಮಗ ಪುಣೆದಾಗ ನೌಕರಿ ಮಾಡತಾನ ಎನ್ನುವ ಧಾಟಿಯಲ್ಲಿಯೇ ಇದನ್ನೂ ಹೇಳುತ್ತಾರೆ. ಈ ರೋಗಕ್ಕೆ ನಮ್ಮಲ್ಲಿ ಹೆಸರಿರಲಿಲ್ಲವೆಂದಲ್ಲ. ಪಂಡಿತರು ಮಧುಮೇಹವೆಂದರು, ಹಳ್ಳಿಯವರು ಸಕ್ಕರಿ ಬ್ಯಾನಿ ಎಂದರು, ಯುನಾನಿ ಹಕೀಮರು ಜಿಯಾಬೀತುಸ್ ಎಂದರು. ಈ ಮೂರು ಹೆಸರುಗಳೂ ಹಿಂದೆ ಸರಿದು ಇಂಗ್ಲಿಷಿನ ಪದವೊಂದು ಮುಂದೆ ಬಂದು ಕುಳಿತಿದೆ. ಆ ಪದವಾದರೂ ಬೇರೆಯವರದಲ್ಲ. ನಮ್ಮ ಶರ್ಕರೆಯೇ ಪಾರಸಿ ಮತ್ತು ಅರಬ್ಬಿಗಳ ದಾರಿ ಹಿಡಿದು ಯುರೋಪಿಗೆ ಹೋಗಿ, ವೇಷ ಬದಲಿಸಿಕೊಂಡು ಮನೆಗೆ ಮರಳಿದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ದೇಶವ್ಯಾಪಿ ಸಮೀಕ್ಷೆಯೊಂದರ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಮ್ಮ ದೇಶದಲ್ಲಿ ಈ ರೋಗವುಳ್ಳವರು ಸುಮಾರು 10 ಕೋಟಿ 10 ಲಕ್ಷ ಮಂದಿ. ಅಂದರೆ ವಯಸ್ಕರಲ್ಲಿ ನೂರಕ್ಕೆ 11.4. ರೋಗದ ಹೊಸ್ತಿಲಲ್ಲಿ ನಿಂತವರು ಇನ್ನೂ 13 ಕೋಟಿ 60 ಲಕ್ಷ. ಇಷ್ಟು ಜನರ ತಟ್ಟೆಯಲ್ಲಿ ಏನಿದೆ, ಮೊದಲು ಏನಿತ್ತು ಎಂದು ಕೇಳುವುದು ವೈದ್ಯರ ಕೆಲಸ ಮಾತ್ರವಲ್ಲ, ಚರಿತ್ರೆ ಓದುವವರ ಕೆಲಸವೂ ಹೌದೆಂದು ನಾನು ಭಾವಿಸಿದ್ದೇನೆ. ನಾನು ವೈದ್ಯನಲ್ಲ. ಹಳೆಯ ಪುಸ್ತಕಗಳನ್ನು ಓದಿ, ಓದಿಸಿ, ನಿವೃತ್ತನಾದವನು. ನಮ್ಮ ಕಡೆ ಊಟದ ತಟ್ಟೆಯನ್ನು ಗಂಗಾಳವೆನ್ನುತ್ತಾರೆ. ಬೀದರ್, ಭಾಲ್ಕಿ, ಔರಾದ್ ಸೀಮೆಯ ಆ ಗಂಗಾಳದ ಚರಿತ್ರೆಯನ್ನು ನನಗೆ ತಿಳಿದಷ್ಟು ಹೇಳಬೇಕೆಂದಿದ್ದೇನೆ.

ಚರಕ ಸಂಹಿತೆಯು ಪ್ರಮೇಹಗಳನ್ನು ಇಪ್ಪತ್ತೆಂದು ಎಣಿಸುತ್ತದೆ. ರೋಗಿಯ ಮೂತ್ರಕ್ಕೆ ಇರುವೆಗಳು ಮುತ್ತುವುದನ್ನೂ ಅದು ಗುರುತಿಸಿದೆ. ಕಾರಣಗಳ ಪಟ್ಟಿಯಂತೂ ಇಂದು ಬರೆದಂತಿದೆ: ಸುಖವಾಗಿ ಕುಳಿತಿರುವುದು, ಹೆಚ್ಚು ನಿದ್ರಿಸುವುದು, ಹಾಲು ಮೊಸರುಗಳ ಅತಿಬಳಕೆ, ಹೊಸ ಧಾನ್ಯ, ಬೆಲ್ಲದ ಪದಾರ್ಥ. ಪಥ್ಯವಾಗಿ ಅದು ಹೇಳುವುದು ಜವೆಗೋಧಿ, ಹೆಸರು, ಹಳೆಯ ಧಾನ್ಯ, ಕಹಿ ಸೊಪ್ಪು. ಹಳೆಯ ಧಾನ್ಯವೆಂದಾಗ ನನಗೆ ನಮ್ಮ ಕಡೆಯ ಹಗೇವುಗಳ ನೆನಪಾಗುತ್ತದೆ. ನೆಲದೊಳಗೆ ತೋಡಿದ ಆ ಕಣಜಗಳಲ್ಲಿ ಜೋಳವು ವರ್ಷಗಟ್ಟಲೆ ಇರುತ್ತಿತ್ತು. 

ಸುಶ್ರುತನ ಮಾತು ಇನ್ನೂ ಸ್ವಾರಸ್ಯವಾಗಿದೆ. ಅವನು ಬಡ ರೋಗಿಗೆ ಒಂದು ಚಿಕಿತ್ಸೆ ಹೇಳುತ್ತಾನೆ: ಚಪ್ಪಲಿಯಿಲ್ಲದೆ, ಕೊಡೆಯಿಲ್ಲದೆ, ಭಿಕ್ಷೆಯನ್ನುಂಡು, ಒಂದು ಊರಿನಲ್ಲಿ ಒಂದೇ ರಾತ್ರಿ ತಂಗುತ್ತ ನೂರು ಯೋಜನ ನಡೆಯಬೇಕು. ಬಾವಿ ತೋಡುವ ಕೆಲಸವನ್ನೂ ಹೇಳಿದ್ದಾನೆ. ಇದನ್ನು ಓದುವಾಗಲೆಲ್ಲ ನನಗೆ ನಮ್ಮ ಜಂಗಮರ ನೆನಪಾಗುತ್ತದೆ. ಕಾವಿಯುಟ್ಟು ಜೋಳಿಗೆ ಹಿಡಿದು ಊರಿಂದೂರಿಗೆ ನಡೆದ ಆ ಮಂದಿ ಸುಶ್ರುತನ ಪಥ್ಯವನ್ನು ವ್ರತವೆಂದು ಆಚರಿಸಿದವರು! ಇಂದು ಮಠಗಳ ಬಾಗಿಲಲ್ಲಿ ಮೋಟಾರುಗಳು ನಿಂತಿರುವುದನ್ನು ಕಂಡರೆ ಆ ಹೋಲಿಕೆಯನ್ನು ಮುಂದುವರಿಸಲು ಧೈರ್ಯ ಬರುವುದಿಲ್ಲ.

ಪಶ್ಚಿಮದ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. 1797ರಲ್ಲಿ ಜಾನ್ ರೋಲೊ ಎಂಬ ಸ್ಕಾಟಿಷ್ ಸೇನಾವೈದ್ಯನು ಕ್ಯಾಪ್ಟನ್ ಮೆರಿಡಿತ್ ಎಂಬ ರೋಗಿಗೆ ಧಾನ್ಯ ಸಕ್ಕರೆಗಳನ್ನು ಬಿಡಿಸಿ ಮಾಂಸದ ಪಥ್ಯದಲ್ಲಿಟ್ಟು, ಗುಣ ಕಂಡಿತೆಂದು ಪ್ರಕಟಿಸಿದನು. 1870-71ರಲ್ಲಿ ಜರ್ಮನರು ಪ್ಯಾರಿಸನ್ನು ಮುತ್ತಿದ್ದಾಗ ನಗರದಲ್ಲಿ ಅನ್ನಕ್ಕೆ ಬರ ಬಂತು. ಆಗ ಅಲ್ಲಿಯ ವೈದ್ಯ ಬುಷಾರ್ದಾ ಒಂದು ವಿಚಿತ್ರವನ್ನು ಕಂಡನು. ಊರೆಲ್ಲ ಹಸಿದಿರುವಾಗ ಅವನ ಸಿಹಿಮೂತ್ರದ ರೋಗಿಗಳು ಮಾತ್ರ ಚೇತರಿಸಿಕೊಳ್ಳುತ್ತಿದ್ದರು, ಮೂತ್ರದಲ್ಲಿ ಸಕ್ಕರೆ ಇಳಿದಿತ್ತು. ಪಿಷ್ಟವನ್ನು ಕಡಿಮೆ ಮಾಡಿ, ಮಿತವಾಗಿ ಉಂಡು, ಮೈಮುರಿದು ದುಡಿಯಿರಿ ಎಂಬುದು ಅವನ ಬೋಧನೆಯಾಯಿತು. 1921ರಲ್ಲಿ ಟೊರಾಂಟೊ ನಗರದಲ್ಲಿ ಇನ್ಸುಲಿನ್ ದೊರೆತು, 1922ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಅದನ್ನು ಕೊಡುವವರೆಗೆ, ಪಥ್ಯವನ್ನು ಬಿಟ್ಟರೆ ವೈದ್ಯರ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. ಔಷಧಿ ಬಂದ ಮೇಲೆ ಪಥ್ಯವು ಹಿಂದೆ ಸರಿಯಿತು. ಈಗ ಹೊಸ ಹೆಸರಿನಿಂದ ಅದು ಮತ್ತೆ ಬಂದಿದೆ. ಪಟ್ಟಣದ ಯುವಕರು ಅದನ್ನು ‘ಲೋ ಕಾರ್ಬ್’ ಎನ್ನುತ್ತಾರೆ. ಶರ್ಕರಪಿಷ್ಟ ಕಡಿಮೆಯಾದ ಊಟವೆಂದು ಅದರ ಅರ್ಥ.

ಈಗ ನಮ್ಮ ನೆಲಕ್ಕೆ ಬರೋಣ. 1025ರಲ್ಲಿ, ಕಲ್ಯಾಣದ ಚಾಲುಕ್ಯ ವಂಶದ ಜಯಸಿಂಹನ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯನು ಕನ್ನಡದಲ್ಲಿ ‘ಲೋಕೋಪಕಾರ’ವೆಂಬ ಗ್ರಂಥವನ್ನು ಬರೆದನು. ಹೆಸರಿಗೆ ತಕ್ಕ ಪುಸ್ತಕವದು. ಮನೆ ಕಟ್ಟುವುದು, ಅಂತರ್ಜಲ ನೋಡುವುದು, ಗಿಡಗಳಿಗೆ ಮದ್ದು, ಸುಗಂಧ, ವೈದ್ಯ, ಅಡುಗೆ ಎಲ್ಲವೂ ಅದರಲ್ಲಿವೆ. ಅದರ ಅಡುಗೆಯ ಭಾಗದಲ್ಲಿ ಇಡ್ಲಿಯ ಪ್ರಸ್ತಾಪವಿದೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ಅರೆದು, ಮೊಸರಿನ ತಿಳಿಯನ್ನೂ ಮಸಾಲೆಗಳನ್ನೂ ಬೆರೆಸಿ ಮಾಡುವ ಇಡ್ಲಿ ಅದು. ಅಕ್ಕಿಯ ಸುದ್ದಿಯೇ ಇಲ್ಲ! ಸುಮಾರು ನೂರು ವರ್ಷಗಳ ಅನಂತರ ಅದೇ ವಂಶದ ಮೂರನೆಯ ಸೋಮೇಶ್ವರನು, ಇಂದಿನ ನಮ್ಮ ಜಿಲ್ಲೆಯ ಬಸವಕಲ್ಯಾಣವೇ ಆದ ಕಲ್ಯಾಣದಿಂದ ಆಳುತ್ತ, ‘ಮಾನಸೋಲ್ಲಾಸ’ವನ್ನು ಸಂಸ್ಕೃತದಲ್ಲಿ ರಚಿಸಿದನು. ಅದರ ಅನ್ನಭೋಗದ ಪ್ರಕರಣದಲ್ಲಿ ಬರುವ ಇಡ್ಡರಿಕೆಯೂ ಬರಿಯ ಉದ್ದಿನದೇ. ಒಂದು ಪಾಲು ಉದ್ದಿಗೆ ಎರಡು ಮೂರು ಪಾಲು ಅಕ್ಕಿ ಸುರಿಯುವ ಇಂದಿನ ಇಡ್ಲಿಯನ್ನು ಸನಾತನವೆಂದು ನಂಬಿದವರು ಈ ಎರಡು ಗ್ರಂಥಗಳನ್ನು ನೋಡಬೇಕು. ಮುಂಗಾರಿನಲ್ಲಿ ಉದ್ದು, ಹೆಸರು, ತೊಗರಿ ಬೆಳೆಯುವ ಎರೆನೆಲದ ನಾಡಿನಲ್ಲಿ ಇಡ್ಲಿಯು ಕಾಳಿನಿಂದ ಆದುದರಲ್ಲಿ ಆಶ್ಚರ್ಯವೇನು?

ಅರಮನೆಯಲ್ಲಿ ಅಕ್ಕಿ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಸೋಮೇಶ್ವರನ ತಟ್ಟೆಯಲ್ಲಿ ಬಗೆಬಗೆಯ ಶಾಲಿಧಾನ್ಯಗಳಿದ್ದವು. ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ಬದುಕಿದ ಶರಣ ಮಾರಯ್ಯನ ಹೆಸರಿಗೇ ‘ಆಯ್ದಕ್ಕಿ’ ಎಂಬ ವಿಶೇಷಣ ಅಂಟಿದೆ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಹಿಂದಕ್ಕೆ ಕಳಿಸಿದಳೆಂಬ ಕಥೆ ಎಲ್ಲರಿಗೂ ಗೊತ್ತಿದೆ. ಅದನ್ನು ಆಸೆಯನ್ನು ಗೆದ್ದ ಕಥೆಯಾಗಿ ಓದುತ್ತೇವೆ, ಅದು ಸರಿಯೇ. ಆದರೆ ಅಡುಗೆಮನೆಯಲ್ಲಿ ನಿಂತು ಓದಿದರೆ ಇನ್ನೊಂದು ಸಂಗತಿಯೂ ಕಾಣುತ್ತದೆ: ಇಬ್ಬರಿಗೆ ಎಷ್ಟು ಅಕ್ಕಿ ಸಾಕೆಂಬ ಲೆಕ್ಕ ಆ ಹೆಣ್ಣಿಗೆ ಗೊತ್ತಿತ್ತು.

ಜನಸಾಮಾನ್ಯರ ಧಾನ್ಯ ಜೋಳ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ನಿಜಾಮನ ಕಾಲದ ಬೀದರ್ ಜಿಲ್ಲೆ ಒಡೆಯಿತು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೆ ಹೋದವು; ಜಹೀರಾಬಾದ್, ನಾರಾಯಣಖೇಡದ ಕಡೆ ಆಂಧ್ರಕ್ಕೆ ಸೇರಿತು; ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ನಮಗೆ ಉಳಿದವು. ಜಿಲ್ಲೆ ಒಡೆದರೂ ಗಂಗಾಳ ಒಡೆಯಲಿಲ್ಲ. ಜೋಳ, ಜ್ವಾರಿ, ಜೊನ್ನ ಎಂದು ಮೂರು ಭಾಷೆಗಳಲ್ಲಿ ಕರೆದು ಒಂದೇ ಬಗೆಯ ರೊಟ್ಟಿಯನ್ನು ಬಡಿದರು. ಬೆಳಗಿನ ಜಾವ ಬೀಸುಕಲ್ಲಿನ ಸದ್ದು, ಅದರೊಡನೆ ಹಾಡು, ಆಮೇಲೆ ರೊಟ್ಟಿ ಬಡಿಯುವ ಸದ್ದು. ತೌಡು ಕಳೆಯದ ಹಿಟ್ಟು, ಎಣ್ಣೆ ಕಾಣದ ರೊಟ್ಟಿ.

ಆದರೆ ರೊಟ್ಟಿಯ ಬಗ್ಗೆ ಹಾಡಿ ಹೊಗಳುವವರು ರೊಟ್ಟಿಯ ಸುತ್ತ ಏನಿತ್ತೆಂಬುದನ್ನು ಮರೆಯುತ್ತಾರೆ. ನನ್ನ ಮಾತಿನ ತಿರುಳೂ ಇದೇ ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಗಂಗಾಳದ ಒಂದು ಬದಿಗೆ ಪುಂಡಿ ಪಲ್ಯ, ಅದರಲ್ಲಿ ಹಿಡಿ ತೊಗರಿಬೇಳೆ. ಇಲ್ಲವೆ ಕಡಲೆಹಿಟ್ಟಿನ ಜುಣಕ. ಇಲ್ಲವೆ ಮೊಳಕೆಯೊಡೆದ ಮಡಕಿ ಕಾಳು, ಹೆಸರು ಕಾಳು. ಅದರ ಪಕ್ಕಕ್ಕೆ ಅಗಸಿ ಹಿಂಡಿ, ಗುರೆಳ್ಳಿನ ಹಿಂಡಿ, ಶೇಂಗಾ ಹಿಂಡಿ; ಮೇಲೆ ಎಣ್ಣೆಯೋ ಮೊಸರೋ. ಗುದ್ದಿದ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕುಡಿಯಲು ಮಜ್ಜಿಗೆ. ಕಾಳು, ಸೊಪ್ಪು, ಎಣ್ಣೆಕಾಳು ಇವು ಮೂರೂ ರೊಟ್ಟಿಗೆ ನಂಟರು. ಉಳ್ಳವರ ಮನೆಯಲ್ಲಿ ಈ ನಂಟರು ಹೆಚ್ಚು, ಇಲ್ಲದವರ ಮನೆಯಲ್ಲಿ ರೊಟ್ಟಿ, ಖಾರ ಮತ್ತು ನೀರು. ಹಳೆಯ ಕಾಲವೆಲ್ಲ ಆರೋಗ್ಯದ ಕಾಲವಾಗಿತ್ತೆಂದು ನಾನು ಹೇಳಲಾರೆ.

ಈ ಸೀಮೆಯ ಅಡುಗೆಯ ಪ್ರತಿಭೆಯೆಲ್ಲ ಒಂದೆಡೆ ಕಾಣುವುದು ಎಳ್ಳಮಾವಾಸ್ಯೆಯ ಭಜ್ಜಿಯಲ್ಲಿ. ದಕ್ಷಿಣದ ಓದುಗರು ಭಜ್ಜಿಯೆಂದರೆ ಎಣ್ಣೆಯಲ್ಲಿ ಕರಿದದ್ದೆಂದು ತಿಳಿಯಬಾರದು. ಆ ಹೊತ್ತಿಗೆ ಹೊಲದಲ್ಲಿ ಹಿಂಗಾರಿ ಜೋಳ ಎದ್ದು ನಿಂತಿರುತ್ತದೆ, ಕಡಲೆ ಚಿಗುರಿರುತ್ತದೆ, ತೊಗರಿ ಕಾಯಿಬಿಟ್ಟಿರುತ್ತದೆ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಪೂಜೆ ಮಾಡಿ, ಚರಗ ಚೆಲ್ಲಿ, ಅಲ್ಲಿಯೇ ಉಣ್ಣುತ್ತಾರೆ. ಭಜ್ಜಿಗೆ ಮೆಂತ್ಯ, ಪಾಲಕ, ಕಡಲೆ ಸೊಪ್ಪು, ಹಸಿ ತೊಗರಿಕಾಳು, ಹಸಿ ಅವರೆ, ಬಟಾಣಿ, ಬದನೆ, ಗಜ್ಜರಿ, ಹಸಿಶೇಂಗಾ ಹೀಗೆ ಆ ಋತುವಿನಲ್ಲಿ ಸಿಕ್ಕುವುದೆಲ್ಲ ಬೀಳುತ್ತದೆ. ಹುಣಸೆಯ ಹುಳಿ, ಹಸಿಮೆಣಸಿನಕಾಯಿಯ ಖಾರ, ಗಟ್ಟಿಯಾಗಲು ಕಡಲೆಹಿಟ್ಟು. ಅದಕ್ಕೆ ಸಜ್ಜಿ ರೊಟ್ಟಿ, ಜೋಳದ ರೊಟ್ಟಿ, ಕುಡಿಯಲು ಗಡಿಗೆಯಲ್ಲಿ ಅಂಬಲಿ. ಭಾಲ್ಕಿ, ಔರಾದಿನ ಹಳ್ಳಿಗಳಲ್ಲಿ ಆ ದಿನ ಊರು ಖಾಲಿ, ಹೊಲ ತುಂಬಿರುತ್ತದೆ. ಆ ಊಟದಲ್ಲಿ ರೊಟ್ಟಿಯು ಭಜ್ಜಿಯನ್ನು ಬಾಯಿಗೆ ಮುಟ್ಟಿಸುವ ಸಾಧನ ಮಾತ್ರ. ಹೊಟ್ಟೆ ತುಂಬಿಸುವುದು ಸೊಪ್ಪು ಮತ್ತು ಕಾಳು. ಬುಷಾರ್ದಾ ಬಂದು ನೋಡಿದ್ದರೆ ಒಪ್ಪುತ್ತಿದ್ದನೆಂದು ತೋರುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ದೂರಮಾಡಬೇಕು. ‘ಅನ್ನ ಬಿಟ್ಟು ಜೋಳದ ರೊಟ್ಟಿ ತಿನ್ನಿರಿ, ಸಕ್ಕರೆ ತಾನೇ ಇಳಿಯುತ್ತದೆ’ ಎಂಬ ಉಪದೇಶ ಈಗ ಎಲ್ಲೆಲ್ಲೂ ಸಿಕ್ಕುತ್ತದೆ. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತವೂ ರಾಗಿಯೂ ಜಗಳವಾಡಿ ರಾಮನೆದುರು ನಿಂತವಷ್ಟೆ. ಆರು ತಿಂಗಳ ಸೆರೆಯಲ್ಲಿ ಭತ್ತ ಸೊರಗಿತು, ರಾಗಿ ಉಳಿಯಿತು. ನಮ್ಮ ಭಾಷಣಕಾರರು ರಾಗಿಯ ಜಾಗದಲ್ಲಿ ಜೋಳವನ್ನಿಟ್ಟು ಅದಕ್ಕೆ ಪಟ್ಟ ಕಟ್ಟುತ್ತಾರೆ. ಸೆರೆಯಲ್ಲಿ ಕೊಳೆಯದಿರುವುದು ಒಂದು ಗುಣ, ನೆತ್ತರಿನಲ್ಲಿ ಸಕ್ಕರೆಯಾಗದಿರುವುದು ಬೇರೆ ಗುಣ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಕೋಷ್ಟಕ ನೋಡಿದರೆ 100 ಗ್ರಾಂ ಬಿಳಿ ಅಕ್ಕಿಯಲ್ಲಿ ಶರ್ಕರಪಿಷ್ಟ ಸುಮಾರು 78 ಗ್ರಾಂ, ಜೋಳದಲ್ಲಿ ಸುಮಾರು 68. ನಾರು ಮಾತ್ರ ಅಕ್ಕಿಯಲ್ಲಿ 3 ಗ್ರಾಮಿಗೂ ಕಡಿಮೆ, ಜೋಳದಲ್ಲಿ 10ರಷ್ಟು. ನಾರಿನ ಲಾಭ ನಿಜ. ಅದು ಸಕ್ಕರೆಯ ಏರಿಕೆಯನ್ನು ನಿಧಾನಗೊಳಿಸುತ್ತದೆ. ಆದರೆ ಜೋಳವೂ ಪಿಷ್ಟವೇ. ಐದು ರೊಟ್ಟಿ ತಿಂದು ಟಿ.ವಿ. ಮುಂದೆ ಕುಳಿತವನಿಗೆ ರಾಮಧಾನ್ಯದ ತೀರ್ಪು ನೆರವಾಗದು. ಬೇಳೆಕಾಳುಗಳ ಲೆಕ್ಕ ಬೇರೆ: 100 ಗ್ರಾಮಿನಲ್ಲಿ ಪ್ರೋಟೀನೇ 22-23 ಗ್ರಾಂ, ಪಿಷ್ಟ 50ರ ಆಸುಪಾಸು, ಅದೂ ನಿಧಾನವಾಗಿ ಕರಗುವಂಥದು. ಆದ್ದರಿಂದ ನಮ್ಮ ಹಿರಿಯರನ್ನು ಕಾಪಾಡಿದ್ದು ಜೋಳವೊಂದೇ ಅಲ್ಲ. ನಂಟರೂ ಕಾಪಾಡಿದರು, ನಡಿಗೆಯೂ ಕಾಪಾಡಿತು. ಆಗಾಗ ಬಂದ ಹಸಿವನ್ನೂ ಹೇಳಬೇಕು, ಆದರೆ ಅದನ್ನು ಕಾಪಾಡಿದ ಸಾಲಿಗೆ ಸೇರಿಸಲು ಮನಸ್ಸು ಬಾರದು. 1972ರ ಬರಗಾಲದಲ್ಲಿ ಕಾಮಗಾರಿಯ ಕಲ್ಲು ಒಡೆದು, ಹಸಿದು, ದಿನ ನೂಕಿದವರು ಇಲ್ಲಿ ಇನ್ನೂ ಇದ್ದಾರೆ.

ಅಂಥವರ ಮನೆಗೆ ಅಕ್ಕಿ ಬಂದ ಬಗೆಯನ್ನು ಸಹಾನುಭೂತಿಯಿಂದ ನೋಡಬೇಕು. ನಮ್ಮ ಸೀಮೆಯಲ್ಲಿ ಅನ್ನವೆಂಬುದು ಹಬ್ಬಕ್ಕೆ, ಬೀಗರಿಗೆ, ಕಾಯಿಲೆಯವರಿಗೆ. ‘ಅವರ ಮನ್ಯಾಗ ದಿನಾ ಅನ್ನ’ ಎಂದರೆ ಸಿರಿವಂತಿಕೆಯ ವರ್ಣನೆ. ನ್ಯಾಯಬೆಲೆ ಅಂಗಡಿ ಆ ದೂರವನ್ನು ಕಡಿಮೆ ಮಾಡಿತು. 2013ರ ಜುಲೈಯಲ್ಲಿ ಅನ್ನಭಾಗ್ಯ ಬಂದು, ಕಿಲೋಗೆ ಒಂದು ರೂಪಾಯಿಯಂತೆ ಕುಟುಂಬಕ್ಕೆ 30 ಕಿಲೋವರೆಗೆ ಅಕ್ಕಿ ದೊರೆತಾಗ ದಿನವೂ ಹಬ್ಬವಾಯಿತು. ಇದನ್ನು ಹೀಯಾಳಿಸುವ ಪೇಟೆಯವರ ಮಾತು ನನಗೆ ಹಿಡಿಸುವುದಿಲ್ಲ. ಹಸಿವು ಕಂಡವರ ಗಂಗಾಳದಲ್ಲಿ ಬಿಳಿಯ ಅನ್ನ ಎಂದರೆ ಮರ್ಯಾದೆ. ಆದರೆ ಅದೇ ಹೊತ್ತಿಗೆ ಗಂಗಾಳದ ಬೇರೆ ಬದಿಗಳು ಖಾಲಿಯಾದವು. ಜೋಳದ ಹೊಲಗಳಿಗೆ ಸೋಯಾ ಅವರೆ ಬಂತು. ಔರಾದಿನ ರೈತ ಸೋಯಾವನ್ನೂ ತೊಗರಿಯನ್ನೂ ಉದ್ದನ್ನೂ ರಾಶಿಮಾಡಿ ಚೀಲ ಕಟ್ಟಿ ಮಾರುಕಟ್ಟೆಗೆ ಕಳಿಸುತ್ತಾನೆ. ಸಾಲ ತೀರಿಸಬೇಕು, ಏನು ಮಾಡಿಯಾನು? ಮನೆಗೆ ಉಳಿಯುವುದು ಪಡಿತರದ ಅಕ್ಕಿ ಮತ್ತು ತಿಳಿಯಾದ ಸಾರು. ಮಾಂಜ್ರಾ, ಕಾರಂಜಾ ನೀರಿನ ಆಸರೆಯಲ್ಲಿ ಕಬ್ಬು ಬೆಳೆದು, ಹಳ್ಳಿಖೇಡದಲ್ಲಿ, ಇಮಾಂಪುರದಲ್ಲಿ, ಭಾಲ್ಕಿಯ ಹುಣಜಿಯಲ್ಲಿ ಸಕ್ಕರೆ ಕಾರ್ಖಾನೆಗಳೆದ್ದವು. ಬೆಲ್ಲವನ್ನು ನಾಲಿಗೆಯ ತುದಿಗೆ ಇಟ್ಟುಕೊಳ್ಳುತ್ತಿದ್ದ ಸೀಮೆಯಲ್ಲಿ ದಿನಕ್ಕೆ ಐದಾರು ಸಲ ಸಿಹಿ ಚಹಾ ರೂಢಿಯಾಯಿತು.

ಇನ್ನು ಪಥ್ಯದ ಚೀಟಿ. ಕೆಲವು ವರ್ಷಗಳ ಹಿಂದೆ ಔರಾದ್ ಕಡೆಯ ಮುದುಕಿಯೊಬ್ಬಳು, ನನ್ನ ನೆರೆಯವರ ನಂಟಸ್ತಿಕೆ, ಯಾವುದೋ ಆಸ್ಪತ್ರೆಯಲ್ಲಿ ಕೊಟ್ಟ ಇಂಗ್ಲಿಷಿನ ಹಾಳೆಯೊಂದನ್ನು ನನ್ನ ಮುಂದೆ ಹಿಡಿದಳು. ಓಟ್ಸ್, ಕಂದು ಬ್ರೆಡ್ಡು, ಸಲಾಡು, ಮೊಟ್ಟೆಯ ಬಿಳಿ ಭಾಗ ಎಂದೆಲ್ಲ ಅಚ್ಚಾಗಿತ್ತು. ನಾನು ಓದಿ ಹೇಳಿದೆ. ಅವಳು ಕೊನೆಯವರೆಗೆ ಕೇಳಿ, ‘ಮಾಸ್ತರ್ರೇ, ಇದರಾಗ ನಮ್ಮ ಮನಿ ಊಟ ಎಲ್ಲಿ ಅದರಿ?’ ಎಂದಳು. ಹೇಳಿಕೆಯಲ್ಲಿ ತಪ್ಪೇನೂ ಇರಲಿಲ್ಲ, ವಿಳಾಸ ಮಾತ್ರ ಬೇರೆಯವರದಾಗಿತ್ತು. ನಿಜಾಮನ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಿದರು. ಇಂದಿನ ಬಿಸ್ಕತ್ತಿನ ಕಂಪನಿಗಳು ಹೊರಗೆ ‘ಸಕ್ಕರೆರಹಿತ’ವೆಂಬ ಫಲಕ ತೂಗಿಸಿ ಒಳಗೆ ಮೈದಾ ಇಡುತ್ತಾರೆ. ಅಲ್ಲಿ ಫಲಕ ಜನರನ್ನು ಉಳಿಸಿತು, ಇಲ್ಲಿ ಮೋಸಗೊಳಿಸುತ್ತದೆ.

ಆ ಮುದುಕಿಯ ಊಟವನ್ನು ವಿಚಾರಿಸಿದಾಗ ಯಾವ ಕೋಷ್ಟಕದಲ್ಲಿಯೂ ಇಲ್ಲದ ಸಂಗತಿ ತಿಳಿಯಿತು. ಆಕೆ ಉಣ್ಣುವುದು ಎಲ್ಲರದೂ ಆದ ಮೇಲೆ. ಅಷ್ಟು ಹೊತ್ತಿಗೆ ಬೇಳೆಯ ಪಾತ್ರೆ ತಳ ಕಂಡಿರುತ್ತದೆ, ಪಲ್ಯ ಗಂಡುಮಕ್ಕಳ ಪಾಲಾಗಿರುತ್ತದೆ. ಉಳಿಯುವುದು ಅನ್ನ, ಅಥವಾ ಎರಡು ತಣ್ಣನೆಯ ರೊಟ್ಟಿ, ಖಾರ. ಚೆಲ್ಲಬಾರದೆಂದು ಅದನ್ನೆಲ್ಲ ಅವಳೇ ಉಣ್ಣುತ್ತಾಳೆ. ನಮ್ಮ ಮನೆಗಳಲ್ಲಿ ಪಿಷ್ಟವೆಲ್ಲ ಕೊನೆಗೆ ಉಣ್ಣುವವರ ಗಂಗಾಳಕ್ಕೆ ಹೋಗುತ್ತದೆ. ಅವಳಿಗೆ ಅನ್ನ ಬಿಡೆಂದು ಹೇಳುವ ಮೊದಲು ಮನೆಯವರಿಗೆ, ಬೇಳೆಯ ಪಾತ್ರೆಯಿಂದ ಒಂದು ಬಟ್ಟಲು ಮೊದಲೇ ತೆಗೆದಿಡಿರೆಂದು ಹೇಳಬೇಕು. ನಾನು ಆಕೆಯ ಮಗನಿಗೆ ಹೇಳಿದ್ದು ಅಷ್ಟೇ.

ಇದಕ್ಕೆ ಶಾಸ್ತ್ರದ ಆಧಾರವೂ ಇದೆ. ಮೇಲೆ ಹೇಳಿದ ಸಮೀಕ್ಷೆಯ ತಂಡವೇ 2022ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಹೊಸದಾಗಿ ರೋಗ ಕಂಡವರು ಅದನ್ನು ಹಿಮ್ಮೆಟ್ಟಿಸಲು ಊಟದ ಒಟ್ಟು ಶಕ್ತಿಯಲ್ಲಿ ಶರ್ಕರಪಿಷ್ಟದ ಪಾಲನ್ನು ನೂರಕ್ಕೆ 49ರಿಂದ 54ಕ್ಕೆ ಇಳಿಸಿ, ಪ್ರೋಟೀನನ್ನು 19-20ಕ್ಕೆ ಏರಿಸಬೇಕು. ಭಾರತೀಯರು ಸಾಮಾನ್ಯವಾಗಿ ಉಣ್ಣುವುದು 60ಕ್ಕೂ ಮೇಲೆ. ಅಂದರೆ ಕೇಳುತ್ತಿರುವುದು ರೋಲೊನ ಮಾಂಸದ ಪಥ್ಯವನ್ನಲ್ಲ. ನಮ್ಮ ಗಂಗಾಳದ ಭಾಷೆಯಲ್ಲಿ ಹೇಳುವುದಾದರೆ: ಮೂರು ರೊಟ್ಟಿ ಉಣ್ಣುವವನು ಒಂದೂವರೆಗೆ ಇಳಿಯಲಿ, ರೊಟ್ಟಿ ಉಂಡ ಮೇಲೆ ಮತ್ತೆ ಅನ್ನ ಬಡಿಸಿಕೊಳ್ಳುವ ಪದ್ಧತಿ ಬಿಡಲಿ, ಇಳಿದ ಜಾಗಕ್ಕೆ ಗಟ್ಟಿ ಬೇಳೆ, ಮೊಳಕೆಕಾಳು, ಪುಂಡಿಯೋ ಮೆಂತ್ಯವೋ ಬರಲಿ, ಉಣ್ಣುವವರಿಗೆ ಮೊಟ್ಟೆ ಮೀನು ಬರಲಿ. ಅಗಸಿ ಹಿಂಡಿಗೆ ಯಾರ ಅಪ್ಪಣೆಯೂ ಬೇಡ. ಚಹಾದಲ್ಲಿ ಸಕ್ಕರೆ ಬಿಡುವುದು ಎಲ್ಲಕ್ಕಿಂತ ಕಠಿಣವೆಂದು ಬಲ್ಲೆ. ಬೀದರಿನಲ್ಲಿ ಸಪ್ಪೆ ಚಹಾ ಕೊಟ್ಟರೆ ಅತಿಥಿಗೆ ಅವಮಾನವೆಂಬ ಭಾವನೆ ಇದೆ.

ಒಂದು ಎಚ್ಚರಿಕೆಯನ್ನು ಮಾತ್ರ ಸೇರಿಸಬೇಕು. ಸಕ್ಕರೆ ಇಳಿಸುವ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುತ್ತಿರುವವರು ಔಷಧಿಯನ್ನು ಹಾಗೆಯೇ ಇಟ್ಟುಕೊಂಡು ಪಿಷ್ಟವನ್ನು ತಟ್ಟನೆ ಕಡಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಮೂತ್ರಪಿಂಡದ ತೊಂದರೆಯಿದ್ದವರಿಗೆ ಬೇಳೆಕಾಳಿನ ಪ್ರಮಾಣವನ್ನೂ ವೈದ್ಯರೇ ಹೇಳಬೇಕು. ಇನ್ಸುಲಿನ್ ಬೇಕೇ ಬೇಕಾದವರಿಗೆ ಯಾವ ರೊಟ್ಟಿಯೂ ಯಾವ ಕಾಳೂ ಅದರ ಬದಲಿಯಾಗದು. ಸುಶ್ರುತನ ನೂರು ಯೋಜನದ ಆಸೆಯಿಂದ ಸೂಜಿ ಬಿಟ್ಟವರ ಕಥೆಗಳನ್ನು ನಾನು ಕೇಳಿದ್ದೇನೆ, ಅವು ಸುಖಾಂತವಾಗಿರಲಿಲ್ಲ.

ಚಾವುಂಡರಾಯನ ಇಡ್ಲಿಯನ್ನು ನಮ್ಮ ಮನೆಯಲ್ಲಿ ಒಮ್ಮೆ ಮಾಡಿಸಿ ನೋಡಿದೆ. ಭಾಲ್ಕಿಯ ಉದ್ದು, ಮನೆಯ ಮಜ್ಜಿಗೆ, ಜೀರಿಗೆ, ಮೆಣಸು, ಇಂಗು. ಅಕ್ಕಿಯ ಇಡ್ಲಿಯಷ್ಟು ಬಿಳುಪಾಗಲಿಲ್ಲ, ನಾಲ್ಕರ ಜಾಗದಲ್ಲಿ ಎರಡಕ್ಕೇ ಹೊಟ್ಟೆ ತುಂಬಿತು. ಮೊಮ್ಮಕ್ಕಳು ಇದು ವಡೆಯೋ ಇಡ್ಲಿಯೋ ಎಂದು ಕೇಳಿದರು. ಮನೆಯವರು ಮಾತ್ರ, ಇದಕ್ಕೆ ಪುಂಡಿ ಚಟ್ನಿ ಇದ್ದರೆ ಚೆನ್ನಾಗಿತ್ತೆಂದು ಹೇಳಿ, ಮುಂದಿನ ವಾರಕ್ಕೆ ಮತ್ತೆ ಉದ್ದು ನೆನೆಹಾಕಿದರು.